ಕಾಜಾ ಗುಂಡಿಯೊಂದು ಬಾಕಿ

ನಮ್ಮ ಅಂಗಡಿಗೆ ಎರಡು ಕೋಣೆ. ಬೀದಿಗೆ ಮುಖ ಮಾಡಿದ್ದು ನನ್ನದು, ಹಿಂದಿನದು ಕಡ್ಡಿಯದು. ನಾನು ಹೊಲಿಯುತ್ತೇನೆ, ಬಂದವರ ಜೊತೆ ಮಾತಾಡುತ್ತೇನೆ. ಕಡ್ಡಿ ಬಟ್ಟೆ ಕತ್ತರಿಸುತ್ತಾಳೆ. ಅವಳು ನನ್ನ ನಾದಿನಿ, ನನ್ನ ಗಂಡನ ಒಬ್ಬಳೇ ತಂಗಿ. ಚಿಕ್ಕಂದಿನಲ್ಲಿ ಬೆಂಕಿಕಡ್ಡಿಯ ಹಾಗಿದ್ದಳೆಂದು ಅಣ್ಣ ಇಟ್ಟ ಹೆಸರು, ಅಣ್ಣ ಹೋಗಿ ಆರು ವರ್ಷವಾಯಿತು, ಅವಳಿಗೆ ಐವತ್ತೆರಡಾಯಿತು, ಹೆಸರು ಮಾತ್ರ ಹೋಗಲಿಲ್ಲ. ಅವಳ ಮಾತೂ ಹಾಗೆಯೇ, ಕಡ್ಡಿ ಮುರಿದ ಹಾಗೆ. ಅದಕ್ಕೇ ಅವಳನ್ನು ಗಿರಾಕಿಗಳ ಮುಂದೆ ಬಿಡುತ್ತಿರಲಿಲ್ಲ. ಒಮ್ಮೆ ನಾನು ಮಾಳಿಗೆಗೆ ಹೋಗಿದ್ದಾಗ ಮದುವೆಯ ಉಡುಪಿಗೆ ಬಟ್ಟೆ ತಂದ ಹುಡುಗಿಗೆ, ಈ ಬಣ್ಣದಲ್ಲಿ ನೀವು ಕಾಮಾಲೆ ಬಂದ ಹಾಗೆ ಕಾಣುತ್ತೀರಿ ಎಂದುಬಿಟ್ಟಿದ್ದಳು. ಹುಡುಗಿ ಅತ್ತಳು, ಬಣ್ಣ ಬದಲಾಯಿಸಿದಳು, ಮದುವೆಯಾದ ಮೇಲೆ ಗಂಡನನ್ನೂ ಕರೆತಂದು ಉಪಕಾರ ಹೇಳಿ ಹೋದಳು. ಅಂಥವರು ನೂರಕ್ಕೆ ಒಬ್ಬರು. ಉಳಿದ ತೊಂಬತ್ತೊಂಬತ್ತು ಮಂದಿಗೆ ಬೇಕಾಗಿದ್ದು ನನ್ನ ಮಾತು.

ನನ್ನ ಮಾತೆಂದರೆ ಮುಖ್ಯವಾಗಿ ತಾರೀಖು. ಹೊಲಿಯುವವರ ತಾರೀಖು ಎಂಥದ್ದೆಂದು ಎಲ್ಲರಿಗೂ ಗೊತ್ತು. ಹತ್ತಕ್ಕೆ ಬೇಕಾದ ಬಟ್ಟೆಯನ್ನು ಗಿರಾಕಿ ಐದಕ್ಕೇ ಬೇಕು ಎನ್ನುತ್ತಾನೆ. ನಾನು ಐದಕ್ಕೇ ಕೊಡುತ್ತೇನೆ ಎಂದು ಬರೆದುಕೊಡುತ್ತೇನೆ. ಐದಕ್ಕೆ ಬಂದರೆ ‘ಎಲ್ಲಾ ಆಯ್ತು, ಕಾಜಾ ಗುಂಡಿಯೊಂದು ಬಾಕಿ’ ಎನ್ನುತ್ತೇನೆ. ಹಾಗೆಂದಾಗ ಬಟ್ಟೆ ಇನ್ನೂ ಕತ್ತರಿಯನ್ನೇ ಕಂಡಿರುವುದಿಲ್ಲ. ಒಂಬತ್ತಕ್ಕೆ ಕೊಟ್ಟಾಗ ಅವನೂ ಗೆದ್ದ, ನಾನೂ ಗೆದ್ದೆ. ಇದರಲ್ಲಿ ಮೋಸವೇನೂ ಇಲ್ಲ. ಮೈ ತುಂಬಿಕೊಂಡರೆ ಬಿಚ್ಚಿಕೊಳ್ಳಲಿ ಎಂದು ರವಿಕೆಯ ಬದಿಯಲ್ಲಿ ಎರಡು ಬೆರಳು ಬಟ್ಟೆ ಒಳಗೆ ಬಿಡುವುದಿಲ್ಲವೇ, ಹಾಗೆ ತಾರೀಖಿನ ಒಳಗೂ ನಾಲ್ಕು ದಿನ ಮಡಚಿ ಇಟ್ಟಿರುತ್ತದೆ. ಯಾರು ಯಾವ ದಿನ ಹೇಳಿದರೂ ನನ್ನ ಕೈ ಮೊದಲು ಆ ಮಡಿಕೆಯನ್ನೇ ಹುಡುಕುತ್ತಿತ್ತು. ಲೈಟಿನ ಬಿಲ್ಲು ಕಟ್ಟುವ ದಿನವಿರಲಿ, ಮಗಳು ಬರುತ್ತೇನೆಂದ ದಿನವಿರಲಿ.

ಕಡ್ಡಿಗೆ ಈ ವಿದ್ಯೆ ಹತ್ತಲಿಲ್ಲ. ಕತ್ತರಿಸುವವಳಿಗೆ ಹತ್ತುವುದೂ ಇಲ್ಲ. ಗೆರೆ ಇಲ್ಲಿ ಎಂದರೆ ಇಲ್ಲಿ. ಕತ್ತರಿ ಒಮ್ಮೆ ನಡೆದ ಮೇಲೆ ಇನ್ನೊಂದು ಮಾತಿಲ್ಲ. ಅವಳು ಬುಧವಾರ ಎಂದರೆ ಬುಧವಾರ ಬೆಳಿಗ್ಗೆ ತುಂಡುಗಳು ನನ್ನ ಮಷೀನಿನ ಪಕ್ಕದಲ್ಲಿ ಅಚ್ಚುಕಟ್ಟಾಗಿ ಕಟ್ಟಿಟ್ಟಿರುತ್ತಿದ್ದವು. ಆಮೇಲೆ ತಡವಾಗುತ್ತಿದ್ದುದೆಲ್ಲ ನನ್ನ ಕೋಣೆಯಲ್ಲಿ.

ಅವಳಿಗೆ ಇಪ್ಪತ್ತೆರಡಾಗಿದ್ದಾಗ ಒಂದು ಅವಕಾಶ ಬಂದಿತ್ತು. ಅವಳಿಗೆ ಕತ್ತರಿಸುವುದನ್ನು ಕಲಿಸಿದ ಮೇಷ್ಟ್ರು ಯುರೋಪಿನ ಒಂದು ದೊಡ್ಡ ನಗರದಲ್ಲಿ ಕೆಲಸ ಮಾಡಿ ಬಂದವರು. ಅಲ್ಲಿನ ವಸ್ತ್ರಗಳ ಸಂಗ್ರಹಾಲಯದಲ್ಲಿ ಮುನ್ನೂರು ವರ್ಷ ಹಳೆಯದೊಂದು ಕೋಟು ಇತ್ತಂತೆ. ಅದರ ತೋಳು ಬೇರೆ ತುಂಡಲ್ಲ, ಮೈಯಿಂದಲೇ ಕೊಂಬೆಯ ಹಾಗೆ ಹೊರಟದ್ದು. ಕಂಕುಳಲ್ಲಿ ಹೊಲಿಗೆಯೇ ಇಲ್ಲ, ಆದರೂ ಹಾಕಿಕೊಂಡವನು ಕೈಯನ್ನು ನೆತ್ತಿಯವರೆಗೆ ಎತ್ತಬಹುದು. ಮೇಷ್ಟ್ರು ಗಾಜಿನ ಆಚೆಯಿಂದ ನೋಡಿ ಬರೆದುಕೊಂಡ ಚಿತ್ರವನ್ನು ಕಡ್ಡಿಗೆ ಕೊಟ್ಟಿದ್ದರು. ಹೊರಗಿನ ಚಿತ್ರ, ಗುಟ್ಟು ಇದ್ದದ್ದು ಒಳಗೆ. ಒಂದು ವರ್ಷ ಆ ನಗರದಲ್ಲೇ ಇದ್ದು ಕಲಿತು ಬಾ, ನನ್ನ ಹಳೆಯ ಯಜಮಾನರಿಗೆ ಹೇಳುತ್ತೇನೆ ಎಂದಿದ್ದರು.

ಆಗ ನಾನು ಏಳು ತಿಂಗಳ ಬಸುರಿ. ಮಷೀನು ತುಳಿಯಬಾರದೆಂದು ಡಾಕ್ಟರು ಹೇಳಿದ್ದರು. ಅಂಗಡಿಯ ತುಂಬ ಕೆಲಸ. ಇವರು ತಂಗಿಗೆ ಹೋಗು ಎಂದೂ ಹೇಳಲಾರದೆ, ಬೇಡ ಎಂದೂ ಹೇಳಲಾರದೆ ಗೋಡೆ ನೋಡುತ್ತಾ ಕೂತಿದ್ದರು. ನಾನೇ ಕಡ್ಡಿಯ ಕೈ ಹಿಡಿದುಕೊಂಡು ಹೇಳಿದೆ: “ಮುಂದಿನ ವರ್ಷ ಹೋಗು ಕಣೇ. ನಾನೇ ಮುಂದೆ ನಿಂತು ಕಳಿಸ್ತೀನಿ.”

ಮುಂದಿನ ವರ್ಷ ಮಗು ತೊಟ್ಟಿಲಲ್ಲಿತ್ತು. ಅದರ ಮುಂದಿನ ವರ್ಷ ಮೇಷ್ಟ್ರು ತೀರಿಕೊಂಡರು. ಆ ಮೇಲೆ ಯಾರೂ ಆ ಮಾತೆತ್ತಲಿಲ್ಲ, ಕಡ್ಡಿಯೂ ಎತ್ತಲಿಲ್ಲ. ಆದರೆ ಪ್ರತಿ ವರ್ಷ ಕೆಲಸ ಕಡಿಮೆಯಿರುವ ತಿಂಗಳಲ್ಲಿ, ಹಳೆಯ ಹಾಸಿಗೆ ಬಟ್ಟೆಯನ್ನೋ ಪರದೆಯನ್ನೋ ಮೇಜಿನ ಮೇಲೆ ಹರಡಿ, ಆ ತೋಳನ್ನು ಒಮ್ಮೆ ಕತ್ತರಿಸಿ ನೋಡುತ್ತಿದ್ದಳು. ನಾನು ಕಚ್ಚಾ ಹೊಲಿಗೆ ಹಾಕಿಕೊಡುತ್ತಿದ್ದೆ. ಅವಳು ಹಾಕಿಕೊಂಡು ಕನ್ನಡಿಯ ಮುಂದೆ ನಿಂತು ಕೈ ಎತ್ತುತ್ತಿದ್ದಳು. ಕೈಯ ಜೊತೆ ಇಡೀ ಕೋಟೇ ಮೇಲೆ ಬರುತ್ತಿತ್ತು. “ಬಾವಿಯಿಂದ ಬಿಂದಿಗೆ ಎತ್ತಿದ ಹಾಗಾಯ್ತು,” ಎಂದು ಬಿಚ್ಚಿ, ಮಡಚಿ, ಟ್ರಂಕಿನಲ್ಲಿ ಇಡುತ್ತಿದ್ದಳು. ಟ್ರಂಕಿನಲ್ಲಿ ಅಂಥ ತೋಳುಗಳು ಇಪ್ಪತ್ತೇಳು ಇದ್ದವು. ನಾನು ಅವನ್ನು ನೋಡಿದಾಗಲೆಲ್ಲ ಅವಳ ಹಟವನ್ನು ಮೆಚ್ಚಿಕೊಳ್ಳುತ್ತಿದ್ದೆ. ಅವು ನನ್ನ ಒಂದು ಮಾತಿನ ಲೆಕ್ಕ ಎಂದು ನನಗೆ ಹೊಳೆದದ್ದು ಬಹಳ ತಡವಾಗಿ.

ಹೋದ ವರ್ಷದ ಕೊನೆಯಲ್ಲಿ ಮಗಳು ಫೋನು ಮಾಡಿದಳು. ಅವಳು ಬೇರೆ ಊರಿನ ಶಾಲೆಯೊಂದರಲ್ಲಿ ಪಾಠ ಹೇಳುತ್ತಾಳೆ. ಕಡ್ಡಿಯತ್ತೆಯ ಆ ಕೋಟು ಇರುವ ಸಂಗ್ರಹಾಲಯ ಬರುವ ಬೇಸಿಗೆಯಲ್ಲಿ ಆರು ವಾರದ ತರಗತಿ ನಡೆಸುತ್ತಿದೆಯಂತೆ, ಕಸಬಿನವರಿಗೆ ಮಾತ್ರ, ಆರೇ ಮಂದಿಗೆ, ವಯಸ್ಸಿನ ಕಟ್ಟಿಲ್ಲ. ಹಳೆಯ ಕೋಟುಗಳನ್ನು ಗಾಜಿನಿಂದ ಹೊರಗೆ ತೆಗೆದು, ಒಳಮೈ ಹೊರಗೆ ಮಾಡಿ ತೋರಿಸುತ್ತಾರೆ. ಇದೇ ಕೊನೆ. ಬಟ್ಟೆ ಪುಡಿಯಾಗುತ್ತಿರುವುದರಿಂದ ಈ ಬೇಸಿಗೆಯ ನಂತರ ಅವನ್ನು ಗಾಳಿಯಾಡದ ಪೆಟ್ಟಿಗೆಯಲ್ಲಿಟ್ಟು ಮುಚ್ಚಿಬಿಡುತ್ತಾರೆ. ಮತ್ತೆ ಯಾರ ಕೈಗೂ ಸಿಗುವುದಿಲ್ಲ.

ಕಡ್ಡಿ ಸುದ್ದಿ ಕೇಳಿ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಟ್ರಂಕು ಎಳೆಯುವ ಸದ್ದು ಕೇಳಿತು. ಅರ್ಜಿಯ ಜೊತೆ ಕೆಲಸದ ಮಾದರಿ ಕಳಿಸಬೇಕಿತ್ತು. ಅವಳು ತನ್ನ ಒಳ್ಳೆಯ ಕೆಲಸ ಯಾವುದನ್ನೂ ಕಳಿಸಲಿಲ್ಲ. ಆ ಇಪ್ಪತ್ತೇಳು ತೋಳುಗಳ ಫೋಟೋ ತೆಗೆದು, ಪ್ರತಿಯೊಂದು ಎಲ್ಲಿ ಹಿಡಿಯಿತು ಎಂದು ಪಕ್ಕದಲ್ಲಿ ಬರೆದಳು. ಎರಡು ತಿಂಗಳಿಗೆ ಉತ್ತರ ಬಂತು. ಮಗಳು ಫೋನಿನಲ್ಲೇ ಓದಿ ಅರ್ಥ ಹೇಳಿದಳು: ಇಷ್ಟು ಚೆನ್ನಾದ ತಪ್ಪುಗಳನ್ನು ನಾವು ನೋಡಿರಲಿಲ್ಲ, ದಯವಿಟ್ಟು ಬನ್ನಿ. ಕಡ್ಡಿ ನಕ್ಕಳು. ಅವಳು ಹಲ್ಲು ಕಾಣುವ ಹಾಗೆ ನಕ್ಕದ್ದನ್ನು ನಾನು ಬಹಳ ವರ್ಷದ ಮೇಲೆ ನೋಡಿದೆ. ಮುಂಬಲ್ಲಿನ ಪಕ್ಕದ ಹಲ್ಲೊಂದು ಹೋಗಿದ್ದೂ ಆಗಲೇ ನನಗೆ ಗೊತ್ತಾಯಿತು.

ಇಬ್ಬರೂ ಹೋಗುವುದೆಂದು ತೀರ್ಮಾನವಾಯಿತು. ಅವಳು ತರಗತಿಗೆ, ನಾನು ಜೊತೆಗೆ. ಪತ್ರ ವ್ಯವಹಾರವೆಲ್ಲ ನನ್ನ ಪಾಲಿಗೆ ಬಂತು, ಏಕೆಂದರೆ ನಮ್ಮ ಅಂಗಡಿಯಲ್ಲಿ ಮಾತು ಯಾವಾಗಲೂ ನನ್ನ ಪಾಲಿನದು. ಸಂಗ್ರಹಾಲಯದ ಹತ್ತಿರ ಒಬ್ಬ ವಿಧವೆಯ ಮನೆಯಲ್ಲಿ ಬಾಡಿಗೆ ಕೋಣೆ ಗೊತ್ತು ಮಾಡಿದೆವು. ಮೂರನೆಯ ಮಹಡಿ, ಎರಡು ಮಂಚ, ಅಂಗಳಕ್ಕೆ ತೆರೆಯುವ ಕಿಟಕಿ, ಲಿಫ್ಟು ಇಲ್ಲ. ನನ್ನ ಮೊಣಕಾಲಿನ ಗತಿಯೇನು ಎಂದು ಕೇಳಿದರೆ ಕಡ್ಡಿ, ದಿನಕ್ಕೆ ಒಂದೇ ಸಲ ಇಳಿಯಿರಿ, ಒಂದೇ ಸಲ ಹತ್ತಿರಿ, ನಡುವೆ ಊರು ನೋಡಿ ಎಂದಳು. ಆ ನಗರವನ್ನು ನಾವು ‘ನಮ್ಮೂರು’ ಎಂದು ಕರೆಯತೊಡಗಿದೆವು. ನಮ್ಮೂರಲ್ಲಿ ಬೇಸಿಗೆಯಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುತ್ತದಂತೆ. ಹಾಗಾದರೆ ಎಷ್ಟು ಹೊಲಿಯಬಹುದು ಎಂದು ನಾನೆಂದೆ. ನೀವು ಸ್ವರ್ಗಕ್ಕೆ ಹೋದರೂ ಮೊದಲು ಸೂಜಿಗೆ ದಾರ ಪೋಣಿಸಲು ಬೆಳಕಿದೆಯೇ ಎಂದು ನೋಡುತ್ತೀರಿ ಎಂದಳು.

ಅಳತೆ ತೆಗೆಯುವ ಖಾಕಿ ಕಾಗದದ ಮೇಲೆ ಅವಳು ನಮ್ಮೂರಿನ ನಕ್ಷೆ ಬರೆದಳು. ಕತ್ತರಿಸುವ ಮೇಜಿನಷ್ಟು ಉದ್ದದ್ದು. ನಡುವೆ ನದಿ, ನದಿಗೆ ಕಲ್ಲಿನ ಸೇತುವೆ, ಆಚೆ ದಡದಲ್ಲಿ ಚೌಕ, ಚೌಕದ ಮೂಲೆಯಲ್ಲಿ ಸಂಗ್ರಹಾಲಯ. ಟೇಪು ಹಿಡಿದು ಲೆಕ್ಕ ಹಾಕಿ, ಕೋಣೆಯಿಂದ ಅಲ್ಲಿಗೆ ಸಾವಿರದ ನೂರ ನಲವತ್ತು ಹೆಜ್ಜೆ ಎಂದಳು. ನಮ್ಮ ಬೀದಿ ಈ ತುದಿಯಿಂದ ಆ ತುದಿಗೆ ಇನ್ನೂರ ಎಂಬತ್ತೈದು ಹೆಜ್ಜೆ. ನಾಲ್ಕು ಸಲ ನಡೆದರೆ ಸರಿಯಾಗಿ ಕೋಣೆಯಿಂದ ಸಂಗ್ರಹಾಲಯ. ಅಂದಿನಿಂದ ಪ್ರತಿ ಸಂಜೆ ಅಂಗಡಿಯ ಬಾಗಿಲು ಎಳೆದು ನಾವಿಬ್ಬರೂ ನಡೆಯುತ್ತಿದ್ದೆವು. ಮೊದಲನೆಯ ಸುತ್ತು ವಿಧವೆಯ ಬೀದಿ. ಎರಡನೆಯದು ನದಿಯ ದಂಡೆ. ಮೂರನೆಯದರಲ್ಲಿ ಸೇತುವೆ. ನಾಲ್ಕನೆಯದು ಚೌಕ ದಾಟಿ ದೊಡ್ಡ ಬಾಗಿಲು.

ಲೆಕ್ಕದ ಪ್ರಕಾರ ಸೇತುವೆ ಬರುತ್ತಿದ್ದುದು ನಮ್ಮ ಎದುರಿಗೆ ಚಪ್ಪಲಿ, ಬೂಟು ರಿಪೇರಿ ಮಾಡುವ ಅಣ್ಣನ ಅಂಗಡಿಯ ಮುಂದೆ. ಅವನೂ ನನ್ನ ಹಾಗೆಯೇ ನಾಳೆ ಬನ್ನಿ ಎಂದು ನಾಡಿದ್ದು ಕೊಡುವವನು. ಮೊದಲ ದಿನ ನಾವು ಎಣಿಸುತ್ತಾ ಹೋಗುವುದನ್ನು ಕಂಡು ಏನಾದರೂ ಕಳೆದುಕೊಂಡಿರಾ ಎಂದು ಕೇಳಿದ. ವಿಷಯ ತಿಳಿದ ಮೇಲೆ ದಿನವೂ ಬಾಯಿಯಲ್ಲಿ ಮೊಳೆ ಕಚ್ಚಿಕೊಂಡೇ ವಿಚಾರಿಸುತ್ತಿದ್ದ. “ನನ್ನ ಅಂಗಡಿ ಮುಂದೆ ನದಿ ಹರೀತಿದೆ ಅಂತಾಯ್ತು. ಆದ್ರೂ ನಲ್ಲಿಯಲ್ಲಿ ನೀರಿಲ್ಲ ನೋಡಿ ಟೈಲರಮ್ಮ.” ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರಂತೆ ಎಂದು ಅವನು ಕೆಣಕಿದರೆ, ಮತ್ತೇನು, ಹುಟ್ಟಿದ ಮೇಲೆ ಅಳತೆ ತಗೊಂಡು ಇವರ ಕೈಗೆ ಕೊಟ್ಟರೆ ಕೂಸು ಶಾಲೆಗೆ ಹೋಗೋ ಹೊತ್ತಿಗೆ ಕುಲಾವಿ ಸಿಗುತ್ತೆ ಎಂದು ಕಡ್ಡಿ ನನ್ನತ್ತ ತಲೆಯಾಡಿಸಿದಳು. ಮೂವರೂ ನಕ್ಕೆವು. ಆ ನಗುವನ್ನು ನೆನೆದರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ.

ಪ್ರಯಾಣಕ್ಕೆಂದು ಎರಡು ತೆಳು ಕೋಟು ಕತ್ತರಿಸಿದಳು. ನನ್ನದರಲ್ಲಿ ಬದಿಗೆ ಮೂರು ಬೆರಳು ಬಟ್ಟೆ ಒಳಗೆ ಬಿಟ್ಟಳು. ಅಲ್ಲಿಯ ಬೆಣ್ಣೆ ತಿಂದು ನೀವು ಸುಮ್ಮನಿರುವವರಲ್ಲ ಎಂದಳು. ತನ್ನದರಲ್ಲಿ ಒಂದು ದಾರದಷ್ಟೂ ಬಿಡಲಿಲ್ಲ. ನನ್ನದು ಮುಗಿಸಿ ತೂಗುಹಾಕಿದೆ. ಅವಳದಕ್ಕೆ ತೋಳು ಕೊಡಲಿಲ್ಲ. ತೋಳಿಗೂ ಅದರೊಡನೆ ಒಂದೇ ತುಂಡಾಗಿ ಬರಬೇಕಾದ ಎದೆಬೆನ್ನಿಗೂ ಸಾಕಾಗುವಷ್ಟು ಬಟ್ಟೆಯನ್ನು ಸುರುಳಿ ಸುತ್ತಿ ಕಪಾಟಿನಲ್ಲಿಟ್ಟಳು. ಅಲ್ಲಿ ಒಳಮೈ ನೋಡಿದ ಮೇಲೆ ಈಗಿನ ಎದೆಬೆನ್ನನ್ನು ಬಿಚ್ಚಿ ತೆಗೆದು, ವಿಧವೆಯ ಮನೆಯ ಊಟದ ಮೇಜಿನ ಮೇಲೆ ಹರಡಿಕೊಂಡು ಕತ್ತರಿಸುತ್ತೇನೆ, ತೋಳು ಹಾಕಿಕೊಂಡೇ ವಾಪಸು ಬರುತ್ತೇನೆ ಎಂದಳು.

ಮಾರ್ಚ್ ಕೊನೆಯಲ್ಲಿ ಒಂದು ಫಾರ್ಮು ಬಂತು. ಬರುವುದು ಖಚಿತವೆಂದು ಸಹಿ ಮಾಡಬೇಕು, ಉಳಿಯುವ ವಿಳಾಸ ಬರೆಯಬೇಕು, ಊರು ತಲುಪುವ ದಿನ ಬರೆಯಬೇಕು. ಏಪ್ರಿಲ್ ಹದಿನೈದರೊಳಗೆ ಫೋಟೋ ತೆಗೆದು ಕಳಿಸಬೇಕು. ಕಡ್ಡಿ ಅಂದೇ ಸಹಿ ಮಾಡಿಕೊಟ್ಟಳು. ವಿಳಾಸ ನಾನು ಬರೆದೆ. ತಲುಪುವ ದಿನದ ಜಾಗ ಮಾತ್ರ ಖಾಲಿ ಉಳಿಯಿತು.

ಅದು ಖಾಲಿ ಉಳಿದದ್ದಕ್ಕೆ ಕಾರಣ ಹೋಟೆಲಿನವರ ನಲವತ್ತು ಜಾಕೆಟ್ಟು. ಅವರಿಗೆ ಜೂನ್ ಒಂದಕ್ಕೆ ಕೊಡುತ್ತೇನೆಂದು ಬರೆದುಕೊಟ್ಟಿದ್ದೆ. ನನ್ನ ಒಂದು ಎಂದರೆ ಹದಿಮೂರೋ ಹದಿನಾಲ್ಕೋ ಆಗಬಹುದು. ತರಗತಿ ಶುರುವಾಗುವುದು ಇಪ್ಪತ್ತೆರಡಕ್ಕೆ. ಹದಿನೈದಕ್ಕೆ ಹೊರಡುತ್ತೇವೋ, ಹದಿನೆಂಟಕ್ಕೋ, ಇಪ್ಪತ್ತಕ್ಕೋ? ಯಾವುದೋ ಒಂದು ಬರೆದುಬಿಡಬಹುದಿತ್ತು. ಆದರೆ ಈ ಒಂದು ಕಾಗದದ ಮೇಲೆ ನನ್ನ ಮಾಮೂಲಿ ತಾರೀಖು ಬೇಡ ಎನ್ನಿಸಿತು. ಮೂವತ್ತು ವರ್ಷ ಎಲ್ಲರಿಗೂ ಹುಸಿ ದಿನ ಬರೆದುಕೊಟ್ಟ ಕೈ ಕಡ್ಡಿಗಾಗಿ ಒಮ್ಮೆ ನಿಜವಾದ ದಿನ ಬರೆಯಲಿ ಎಂದುಕೊಂಡೆ. ಇಪ್ಪತ್ತು ಜಾಕೆಟ್ಟು ಮುಗಿದರೆ ಉಳಿದ ಇಪ್ಪತ್ತಕ್ಕೆ ಎಷ್ಟು ದಿನವೆಂದು ತಿಳಿಯುತ್ತದೆ, ಆಗ ಬರೆಯೋಣ ಎಂದು ಫಾರ್ಮನ್ನು ಮಷೀನಿನ ಡ್ರಾಯರಿನಲ್ಲಿ ದಾರ ಸುತ್ತಿದ ಬಾಬಿನ್ನುಗಳ ಕೆಳಗೆ ಇಟ್ಟೆ.

ಮಗಳು ಫೋನಿನಲ್ಲಿ ಎರಡು ಸಲ ನೆನಪಿಸಿದಳು. “ಅಮ್ಮ, ಅವರು ಹದಿನೈದು ಅಂದ್ರೆ ಹದಿನೈದೇ. ನಿನ್ನ ಗಿರಾಕಿಗಳಲ್ಲ ಅವರು.” ಗೊತ್ತು ಕಣೇ ಎಂದೆ. ಗೊತ್ತಿರಲಿಲ್ಲ. ಹದಿನೈದು ಎಂದವರಿಗೆ ಇಪ್ಪತ್ತರವರೆಗೆ ಬೇಕಾಗಿರುವುದಿಲ್ಲ ಎಂದು ನನ್ನ ಒಳಗಿನ ಯಾವುದೋ ಒಂದು ಕೈ ಆಗಲೇ ಮಡಿಕೆಯನ್ನು ಹಿಡಿದು ನೋಡಿ, ಒಳಗೆ ಬಟ್ಟೆ ಇದೆ ಎಂದು ನಿಶ್ಚಯ ಮಾಡಿಕೊಂಡಿತ್ತು. ಆರು ಜನರ ತರಗತಿ ನಡೆಸುವವರು, ಮುನ್ನೂರು ವರ್ಷದ ಕೋಟು ಇಟ್ಟುಕೊಂಡವರು, ಮೂರು ದಿನಕ್ಕೆ ಅವಸರ ಮಾಡುತ್ತಾರೆಯೇ?

ಏಪ್ರಿಲ್ ಹದಿನೆಂಟರಂದು ಇಪ್ಪತ್ತನೆಯ ಜಾಕೆಟ್ಟು ಮುಗಿಯಿತು. ಲೆಕ್ಕ ಹಾಕಿದೆ. ಜೂನ್ ಹದಿನೇಳು, ನಿಜವಾದ ಹದಿನೇಳು. ಚೆನ್ನಾದ ಅಕ್ಷರದಲ್ಲಿ ಬರೆದು, ಫೋಟೋ ತೆಗೆದು ಕಳಿಸಿದೆ. ಅಂದು ಸಂಜೆ ಸೇತುವೆ ದಾಟುವಾಗ ನನ್ನ ಎದೆ ಹಗುರಾಗಿತ್ತು.

ಮರುದಿನ ಉತ್ತರ ಬಂತು. ತುಂಬ ಮರ್ಯಾದೆಯ ಪತ್ರ. ಹದಿನೈದರವರೆಗೆ ಕಾದೆವು, ಹದಿನಾರರ ಬೆಳಿಗ್ಗೆ ಸ್ಥಳವನ್ನು ಪಟ್ಟಿಯಲ್ಲಿ ಮುಂದಿದ್ದವರಿಗೆ ಕೊಟ್ಟೆವು, ಅವರು ಒಪ್ಪಿಕೊಂಡಾಗಿದೆ, ನಮಗೂ ಬೇಸರವಿದೆ. ಮಗಳ ಕೈಯಿಂದ ಉದ್ದವಾದ ಪತ್ರ ಬರೆಸಿದೆ. ತಪ್ಪು ನನ್ನದು, ನನ್ನ ನಾದಿನಿಯದಲ್ಲ, ಅವಳು ಮೂವತ್ತು ವರ್ಷದಿಂದ ಕಾದಿದ್ದಾಳೆ ಎಂದೆಲ್ಲ. ಏಳನೆಯವಳಾಗಿ ಮೂಲೆಯಲ್ಲಿ ನಿಂತು ನೋಡಲಿ ಎಂದೂ ಬೇಡಿಕೊಂಡೆ. ಹಳೆಯ ಬಟ್ಟೆಯ ಕೋಣೆಗೆ ಆರಕ್ಕಿಂತ ಹೆಚ್ಚು ಮಂದಿಯ ಉಸಿರು ಆಗುವುದಿಲ್ಲವಂತೆ. ಎರಡೇ ಸಾಲಿನ ಉತ್ತರ. ಮಗಳು ಅದನ್ನು ಓದಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅತ್ತೆಗೆ ನೀನೇ ಹೇಳು, ನಾನು ಹೇಳಲ್ಲ ಎಂದಷ್ಟೇ ಹೇಳಿ ಫೋನಿಟ್ಟಳು.

ನಾನು ಹೇಳಲಿಲ್ಲ. ನಾಳೆ ಹೇಳೋಣ ಎಂದುಕೊಂಡೆ. ನನ್ನ ನಾಳೆ ಎಂಥದ್ದೆಂದು ಮೊದಲೇ ಹೇಳಿದ್ದೇನೆ. ಉತ್ತರ ಬಂತೇ ಎಂದು ಕಡ್ಡಿ ಕೇಳಿದಾಗ, ಬರುತ್ತೆ, ಅವರಿಗೂ ಕೆಲಸವಿರುವುದಿಲ್ಲವೇ ಎಂದೆ. ಎಂಟು ದಿನ ಹೀಗೆ ಕಳೆಯಿತು. ಆ ಎಂಟು ಸಂಜೆಯೂ ನಾವು ನಡೆದೆವು. ವಿಧವೆಯ ಬೀದಿ, ನದಿಯ ದಂಡೆ, ಸೇತುವೆ, ಚೌಕ. ಚೌಕದ ಮೂಲೆಗೆ ಬಂದಾಗ ಅವಳ ಹೆಜ್ಜೆ ತಾನಾಗಿಯೇ ಚುರುಕಾಗುತ್ತಿತ್ತು. ನಾನು ಅರ್ಧ ಹೆಜ್ಜೆ ಹಿಂದೆ ಬರುತ್ತಿದ್ದೆ. ಮೊಣಕಾಲು ನೋಯುತ್ತಿದೆಯಾ ಎಂದು ಕೇಳುತ್ತಿದ್ದಳು. ಹೌದು ಎನ್ನುತ್ತಿದ್ದೆ.

ಒಂಬತ್ತನೆಯ ದಿನ ಬೆಳಿಗ್ಗೆ ನಾನು ಜಾಕೆಟ್ಟಿನ ಕಾಲರಿಗೆ ಸೂಜಿ ಹಾಕುತ್ತಿದ್ದೆ. ಒಳಗೆ ಅವಳು ಕತ್ತರಿಸುತ್ತಿದ್ದಳು. ದೊಡ್ಡ ಕತ್ತರಿ ಮೇಜಿನ ಮೇಲೆ ನಡೆಯುವ ಸದ್ದು ಒಂದೇ ಸಮನೆ ಬರುತ್ತಿತ್ತು. ಅಲ್ಲಿಂದಲೇ, ಟಿಕೆಟ್ಟು ಯಾವಾಗ ತೆಗೆಸೋಣ ಅತ್ತಿಗೆ, ಸಂಗ್ರಹಾಲಯದ್ದು ಎಲ್ಲಿಗೆ ಬಂತು ಎಂದು ಕೇಳಿದಳು. ನನ್ನ ಬಾಯಿಯಲ್ಲಿ ದಾರವಿತ್ತು, ಕಣ್ಣು ಹೊಲಿಗೆಯ ಮೇಲಿತ್ತು. ನಾಲಿಗೆಗೆ ರೂಢಿಯಾದದ್ದು ತಾನಾಗಿಯೇ ಹೊರಬಂತು.

“ಎಲ್ಲಾ ಆಯ್ತು ಕಣೇ. ಕಾಜಾ ಗುಂಡಿಯೊಂದು ಬಾಕಿ.”

ಕತ್ತರಿಯ ಸದ್ದು ನಿಂತಿತು. ಕಡ್ಡಿ ಬಟ್ಟೆಯ ನಡುವೆ ಕತ್ತರಿ ನಿಲ್ಲಿಸುವವಳಲ್ಲ. ನಿಲ್ಲಿಸಿದರೆ ಅಂಚು ಹಲ್ಲುಹಲ್ಲಾಗುತ್ತದೆ. ನಾನು ತಲೆ ಎತ್ತುವುದರೊಳಗೆ ಅವಳು ಎರಡು ಕೋಣೆಯ ನಡುವಿನ ಬಾಗಿಲಲ್ಲಿ ನಿಂತಿದ್ದಳು. ಆ ಒಂದು ಮಾತನ್ನು ನನ್ನ ಬಾಯಿಂದ ಅವಳು ಎಷ್ಟು ಸಾವಿರ ಸಲ ಕೇಳಿದ್ದಳೋ.

“ಅತ್ತಿಗೆ, ಬಟ್ಟೆ ಇನ್ನೂ ಕತ್ತರಿಸೇ ಇಲ್ಲ, ಅಲ್ವಾ?”

ನಾನು ಸೂಜಿ ಕೆಳಗಿಟ್ಟು ಎಲ್ಲವನ್ನೂ ಹೇಳಿದೆ. ಜಾಕೆಟ್ಟಿನ ಲೆಕ್ಕ, ಹದಿನೆಂಟರ ಸಂಜೆ, ಹತ್ತೊಂಬತ್ತರ ಪತ್ರ, ಏಳನೆಯ ಉಸಿರು. ಮುಗಿದ ಮೇಲೆ, ಫಾರ್ಮು ಎಲ್ಲಿತ್ತು ಎಂದು ಕೇಳಿದಳು. ಡ್ರಾಯರು ತೋರಿಸಿದೆ. ಅವಳೇ ಎಳೆದು ನೋಡಿದಳು. ಬಾಬಿನ್ನುಗಳ ಕೆಳಗೆ ಅವಳ ಸಹಿ, ನನ್ನ ಚೆಂದದ ಹದಿನೇಳು.

“ಕಡ್ಡಿ, ಇದೊಂದನ್ನಾದ್ರೂ ನಿಜವಾದ ತಾರೀಖು ಬರೀಬೇಕು ಅಂತ ಕಾದೆ ಕಣೇ.”

“ನಿಮ್ಮನ್ನ ನಿಜವಾದ್ದು ಯಾರು ಕೇಳಿದ್ರು? ಯಾವುದೋ ಒಂದು ಗೀಚಿ ಕಳಿಸಿದ್ರೆ ಆಗ್ತಿತ್ತು. ಮೂವತ್ತು ವರ್ಷದಿಂದ ಊರಿಗೆಲ್ಲಾ ಅದನ್ನೇ ತಾನೇ ಬರೆದುಕೊಟ್ಟಿದ್ದು.” ಫಾರ್ಮನ್ನು ಮತ್ತೆ ಬಾಬಿನ್ನುಗಳ ಕೆಳಗೇ ಇಟ್ಟಳು. “ನನಗೂ.”

ಡ್ರಾಯರು ಮುಚ್ಚಿ ಒಳಗೆ ಹೋದಳು. ಕತ್ತರಿ ಮತ್ತೆ ನಡೆಯತೊಡಗಿತು. ಅವಳು ಕಡ್ಡಿ ಮುರಿದ ಹಾಗೆ ನನ್ನೊಡನೆ ಆಡಿದ ಕೊನೆಯ ಮಾತು ಅದು.

ಬೇಕೆಂದೇ ಮಾಡಿದೆನೇ ಎಂದು ನನ್ನನ್ನು ನಾನು ಬಹಳ ಸಲ ಕೇಳಿಕೊಂಡಿದ್ದೇನೆ. ಅವಳು ಹೋಗಿ ಆ ಗುಟ್ಟು ಕಲಿತು ಬಂದರೆ ನನ್ನ ಮುಂದಿನ ಕೋಣೆ ಚಿಕ್ಕದಾಗುತ್ತದೆ ಎಂದೇನಾದರೂ ಇತ್ತೇ? ಹುಡುಕಿ ನೋಡಿದೆ, ಸಿಗಲಿಲ್ಲ. ಸಿಕ್ಕಿದ್ದರೆ ಅದನ್ನು ಎತ್ತಿ ತೋರಿಸಿ ಕ್ಷಮೆ ಕೇಳಬಹುದಿತ್ತು. ರೂಢಿಗೆ ಯಾರಲ್ಲಿ ಹೇಗೆ ಕ್ಷಮೆ ಕೇಳುವುದು? ಮೂವತ್ತು ವರ್ಷದ ಹಿಂದೆ ಅವಳ ಕೈ ಹಿಡಿದು ‘ಮುಂದಿನ ವರ್ಷ’ ಎಂದಾಗಲೂ ನನ್ನ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ. ಅವಳಿಗೆ ನಾನು ಮಾಡಿದ ಅನ್ಯಾಯ ಎರಡೂ ಸಲ ಒಳ್ಳೆಯ ಮನಸ್ಸಿನಿಂದಲೇ ಆಯಿತು.

ಅಂದು ಸಂಜೆ ಬಾಗಿಲು ಎಳೆದ ಮೇಲೆ ಅವಳು ನಡೆಯಲು ಬರಲಿಲ್ಲ. ಮರುದಿನವೂ, ಅದರ ಮರುದಿನವೂ ಬರಲಿಲ್ಲ. ನಕ್ಷೆಯ ಖಾಕಿ ಕಾಗದ ಮೇಜಿನಿಂದ ಹೋಗಿತ್ತು. ಹರಿದುಹಾಕಿರಬಹುದು ಎಂದುಕೊಂಡಿದ್ದೆ. ವಾರದ ನಂತರ ನೋಡಿದರೆ ಹೋಟೆಲಿನ ಜಾಕೆಟ್ಟಿನ ಕಾಲರಿನ ಅಳತೆ ತೆಗೆದ ಕಾಗದದ ಹಿಂಬದಿಯಲ್ಲಿ ಸೇತುವೆಯ ಅರ್ಧ ಕಾಣಿಸಿತು. ಕಾಗದ ಹಾಳು ಮಾಡುವವಳಲ್ಲ ಅವಳು.

ನಾಲ್ಕನೆಯ ದಿನ ಎದುರಂಗಡಿಯ ಅಣ್ಣ ಕೈ ಒರೆಸಿಕೊಳ್ಳುತ್ತಾ ನಮ್ಮ ಬಾಗಿಲಿಗೆ ಬಂದ. ಕಡ್ಡಿಯ ಬೂಟಿಗೆ ಹೊಸ ಹಿಮ್ಮಡಿ ಹಾಕಿದ್ದ. ಕಲ್ಲುಹಾಸಿನ ಬೀದಿಗೆ ಗಟ್ಟಿಯಾಗಿರಲಿ ಎಂದು ಅವಳೇ ಕೊಟ್ಟಿದ್ದಳು. ಕಡ್ಡಿ ಆಗ ನನ್ನ ಕೋಣೆಯಲ್ಲೇ ನಿಂತು ತುಂಡುಗಳನ್ನು ಎಣಿಸಿ ಕೊಡುತ್ತಿದ್ದಳು.

“ಏನು ಕಡ್ಡಿಯಮ್ಮ, ಮೂರು ದಿನದಿಂದ ಸೇತುವೆ ಖಾಲಿ. ಯಾವಾಗ ಪ್ರಯಾಣ?”

ಹೇಳಬೇಕಾದವಳು ನಾನು. ಬಾಯಿ ತೆರೆಯುವುದರೊಳಗೆ ಕಡ್ಡಿ ಅವನತ್ತ ತಿರುಗಿದಳು. ಮುಖದಲ್ಲಿ ಒಂದು ನಗು ಇತ್ತು. ಆ ನಗು ನನಗೆ ಗೊತ್ತು. ಗಿರಾಕಿ ಬಾಗಿಲಲ್ಲಿ ಕಂಡ ಕೂಡಲೇ ನಾನು ಹಾಕಿಕೊಳ್ಳುವಂಥದ್ದು. ಧ್ವನಿಯೂ ನನ್ನದೇ, ಸ್ವಲ್ಪ ಎಳೆದು, ಸ್ವಲ್ಪ ಮೆತ್ತಗೆ.

“ಮುಂದಿನ ಬೇಸಿಗೆಗೆ ಅಣ್ಣ. ಖಂಡಿತಾ. ಈ ಸಲ ಹೋಟೆಲಿನ ಕೆಲಸ ಜಾಸ್ತಿ ಆಗ್ಬಿಡ್ತು.”

ಅವನು ಅವಳನ್ನು ನೋಡಿದ, ನನ್ನನ್ನು ನೋಡಿದ. ಅವನೂ ದಿನಕ್ಕೆ ಹತ್ತು ಜನಕ್ಕೆ ಅಂಥ ಮಾತು ಹೇಳಿ ಕಳಿಸುವವನು. “ಆಗ್ಲಿ, ಆಗ್ಲಿ. ಹಿಮ್ಮಡಿ ಎಲ್ಲಿಗೂ ಹೋಗಲ್ಲ,” ಎಂದು ಬೂಟುಗಳನ್ನು ಬೆಂಚಿನ ಮೇಲೆ ಜೋಡಿಸಿಟ್ಟು ಹೊರಟುಹೋದ.

ನನ್ನ ಮಾನ ಉಳಿಸಲು ಅವಳು ಸುಳ್ಳು ಹೇಳಿದಳೋ, ಅಥವಾ ನಿಜ ಹೇಳುವುದರಲ್ಲಿ ಇನ್ನೇನೂ ಉಳಿದಿಲ್ಲವೆಂದೋ, ನಾನು ಕೇಳಲಿಲ್ಲ. ಐವತ್ತೆರಡು ವರ್ಷ ಬಾರದ ವಿದ್ಯೆ ಅವಳಿಗೆ ನಾಲ್ಕು ದಿನದಲ್ಲಿ ಬಂದಿತ್ತು.

ಮಧ್ಯಾಹ್ನ ಊಟವಾದ ಮೇಲೆ ಅವಳು ಕಪಾಟಿನಿಂದ ಆ ಸುರುಳಿ ಸುತ್ತಿದ ಬಟ್ಟೆಯನ್ನು ತೆಗೆದಳು. ಮೇಜಿನ ಮೇಲೆ ಹರಡಿ, ಸೀಮೆಸುಣ್ಣದಿಂದ ಗೆರೆ ಎಳೆದಳು. ಬಾಗಿಲಿನಿಂದ ನೋಡುತ್ತಿದ್ದ ನನಗೆ ಗೆರೆ ಯಾವುದೆಂದು ತಿಳಿಯಿತು. ಎರಡು ತುಂಡಿನ ತೋಳು. ಮೇಲೊಂದು, ಕೆಳಗೊಂದು, ಕಂಕುಳಲ್ಲಿ ಹೊಲಿಗೆ. ಊರಿನ ಯಾವ ಟೈಲರೂ ಕಣ್ಣು ಮುಚ್ಚಿ ಕತ್ತರಿಸುವ ಮಾಮೂಲಿ ತೋಳು. ಬೇಡ ಕಣೇ, ಇನ್ನೊಂದು ಸಲ ಅದನ್ನೇ ನೋಡೋಣ, ಇಪ್ಪತ್ತೆಂಟನೆಯದು ಬಂದರೂ ಬರಬಹುದು ಎಂದು ಹೇಳಲು ಬಾಯಿಗೆ ಬಂತು. ಯಾವ ಮುಖ ಇಟ್ಟುಕೊಂಡು ಹೇಳಲಿ? ಕತ್ತರಿ ಒಂದೇ ಉಸಿರಿಗೆ ನಡೆದು ಮುಗಿಸಿತು.

ನಾಲ್ಕು ತುಂಡನ್ನೂ ತೋಳಿಲ್ಲದ ಕೋಟನ್ನೂ ತಂದು ನನ್ನ ಮಷೀನಿನ ಪಕ್ಕದಲ್ಲಿಟ್ಟಳು. ನಾನು ಕೇಳಿದೆ. ಮೂವತ್ತು ವರ್ಷ ಗಿರಾಕಿಗಳನ್ನು ಕೇಳಿದ, ಅವಳನ್ನು ಮಾತ್ರ ಎಂದೂ ಕೇಳದ ಪ್ರಶ್ನೆ.

“ಯಾವಾಗ ಬೇಕು ನಿನಗೆ?”

“ಅವಸರವೇನಿಲ್ಲ ಅತ್ತಿಗೆ,” ಎಂದಳು, ಅದೇ ಮೆತ್ತನೆಯ ಧ್ವನಿಯಲ್ಲಿ. “ನಿಮಗೆ ಬಿಡುವಾದಾಗ.”

ಹೋಟೆಲಿನ ಜಾಕೆಟ್ಟುಗಳನ್ನು ಪಕ್ಕಕ್ಕೆ ತಳ್ಳಿ ಕೂತೆ. ಬಾಗಿಲಿಗೆ ಇಬ್ಬರು ಬಂದು ಹೋದರು. ಇಂದು ಆಗುವುದಿಲ್ಲ, ನಾಳೆಯೂ ಆಗುವುದಿಲ್ಲ, ಶನಿವಾರ ಬನ್ನಿ ಎಂದು ನಿಜವನ್ನೇ ಹೇಳಿ ಕಳಿಸಿದೆ. ಅವರು ನಂಬಲಿಲ್ಲ, ಗುರುವಾರ ಬಂದು ನೋಡುತ್ತೇವೆ ಎಂದರು. ತೋಳು ಕೂಡಿಸಿದೆ, ಭುಜಕ್ಕೆ ಏರಿಸಿದೆ, ಒಳಪದರ ಹಾಕಿದೆ, ಇಸ್ತ್ರಿ ಮಾಡಿದೆ. ಬೀದಿಯ ದೀಪ ಹತ್ತುವ ಮುಂಚೆ ಐದು ಕಾಜಾ ಕೈಯಲ್ಲೇ ಹಾಕಿ ಐದು ಗುಂಡಿ ಹೊಲಿದೆ. ಏನೂ ಬಾಕಿ ಉಳಿಸಲಿಲ್ಲ.

ಕಡ್ಡಿ ಹಾಕಿಕೊಂಡು ಕನ್ನಡಿಯ ಮುಂದೆ ನಿಂತಳು. ಗುಂಡಿಗಳನ್ನು ಒಂದೊಂದಾಗಿ ಹಾಕಿದಳು. ಕೋಟು ಅವಳ ಮೈಗೆ ಗೆ‌ರೆ ಎಳೆದಂತೆ ಕೂತಿತ್ತು. ಚೆನ್ನಾಗಿದೆ ಅತ್ತಿಗೆ ಎಂದಳು. ಬಿಚ್ಚಿ ನನ್ನ ಕೋಟಿನ ಪಕ್ಕದಲ್ಲಿ ತೂಗುಹಾಕಿದಳು.

ಕೈ ಎತ್ತಿ ನೋಡಲಿಲ್ಲ.